ಮೊದಲು ನಿಲ್ಲುವ ಜಾಗ, ಆಮೇಲೆ ಓಡುವ ದಾರಿ

ಮಳೆಗಾಲ ಮುಗಿದು ಬೆಳಗಿನ ಗಾಳಿ ತಣ್ಣಗಾಗುತ್ತಿದ್ದಂತೆ ಓಟಗಾರರ ಬಳಗಗಳಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿ ಬದಲಾಗುತ್ತದೆ. ಯಾವ ಶೂ ಕೊಳ್ಳಲಿ, ಮೊಣಕಾಲು ನೋವಿಗೆ ಏನು ಮಾಡಲಿ ಎಂಬವು ಹಿಂದೆ ಸರಿಯುತ್ತವೆ. ‘ನಾವು ಹತ್ತು ಹನ್ನೆರಡು ಜನ ಸೇರಿ ಊರಿಂದ ಊರಿಗೆ ರಿಲೇ ಓಡಬೇಕೆಂದಿದ್ದೇವೆ, ದಾರಿ ಗೊತ್ತುಮಾಡುವುದು ಹೇಗೆ?’ ಎಂಬುದು ಮುಂದೆ ಬರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ, ಹಾಸನದಿಂದ ಮಂಗಳೂರಿಗೆ, ಹುಬ್ಬಳ್ಳಿಯಿಂದ ಕಾರವಾರಕ್ಕೆ... ಆಸೆಗಳು ದೊಡ್ಡವು, ಇರಬೇಕಾದವೇ. ಬಹುತೇಕರು ಮೊಬೈಲಿನ ನಕ್ಷೆಯಲ್ಲಿ ಒಂದು ನೀಲಿ ಗೆರೆಯನ್ನೂ ಜೊತೆಗೆ ಕಳಿಸಿರುತ್ತಾರೆ. ‘ಈ ದಾರಿ ಸರಿಯಿದೆಯಾ, ನೋಡಿ ಹೇಳಿ’ ಎನ್ನುತ್ತಾರೆ. ನಾನು ಹೇಳುವುದು ಒಂದೇ ಮಾತು. ಚುಕ್ಕಿ ಇಡದೆ ರಂಗೋಲಿಯ ಗೆರೆ ಎಳೆಯುವುದಿಲ್ಲವಲ್ಲ, ಇದೂ ಹಾಗೇ. ಓಟಗಾರರು ಬ್ಯಾಟನ್ ಬದಲಿಸುವ ಜಾಗಗಳನ್ನು ಮೊದಲು ಹುಡುಕಿ, ಅವುಗಳನ್ನು ಕೂಡಿಸುವ ದಾರಿಯ ಮಾತು ಆಮೇಲೆ.

ಯಾಕೆ ಹೀಗೆ ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಮ್ಯಾರಥಾನಿನಲ್ಲಿ ಮುಖ್ಯವಾದ ಜಾಗಗಳು ಎರಡು, ಶುರುವಾಗುವುದು ಮತ್ತು ಮುಗಿಯುವುದು. ನಡುವೆ ನೀರಿನ ಮೇಜುಗಳಿದ್ದರೆ ಓಟ ಸಾಗುತ್ತದೆ. 150 ಕಿಲೋಮೀಟರಿನ ರಿಲೇಯಲ್ಲಿ ಹನ್ನೆರಡು ಜನರ ತಂಡ ತಲಾ ಎರಡು ಪಾಳಿ ಓಡುತ್ತದೆ ಎಂದುಕೊಳ್ಳಿ. ಒಟ್ಟು 24 ಪಾಳಿ, ಸರಾಸರಿ ಆರೂಕಾಲು ಕಿಲೋಮೀಟರು. ಅಂದರೆ ಶುರು ಮತ್ತು ಕೊನೆಯನ್ನು ಬಿಟ್ಟರೂ 23 ಕಡೆ ಒಬ್ಬ ಓಟಗಾರ ಬಂದು ನಿಲ್ಲುತ್ತಾನೆ, ಇನ್ನೊಬ್ಬ ಹೊರಡುತ್ತಾನೆ. ಆ 23 ಕಡೆಯೂ ತಂಡದ ಗಾಡಿ ನಿಲ್ಲಬೇಕು, ಕಾಯುವವರಿಗೆ ನೆರಳು ಬೇಕು, ಓಡಿ ಬಂದವರಿಗೆ ನೀರು ಬೇಕು, ಎಲ್ಲರಿಗೂ ಶೌಚಾಲಯ ಬೇಕು. ಐವತ್ತು ತಂಡ ಸೇರಿದರೆ, ತಂಡದ ಎರಡು ಗಾಡಿಗಳಲ್ಲಿ ಒಂದೊಂದೇ ಬಂದು ನಿಂತರೂ, ಐವತ್ತು ಗಾಡಿ. ಓಡುವವನಿಗೆ ರಸ್ತೆಯ ಬದಿಯಲ್ಲಿ ಮೂರು ಅಡಿ ಅಗಲ ಸಿಕ್ಕರೆ ಸಾಕು. ಐವತ್ತು ಗಾಡಿಗೆ ಮೈದಾನವೇ ಬೇಕು. ಓಡಲು ಯೋಗ್ಯವಾದ ರಸ್ತೆ ನಮ್ಮಲ್ಲಿ ಬೇಕಾದಷ್ಟಿದೆ. ನಿಲ್ಲಲು ಯೋಗ್ಯವಾದ ಜಾಗ ಕಡಿಮೆ. ಕಡಿಮೆ ಇರುವುದನ್ನು ಮೊದಲು ಹಿಡಿಯಬೇಕು.

ಈ ಪಾಠ ಹೊಸದಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1982ರಲ್ಲಿ ಬಾಬ್ ಫೂಟ್ ಎಂಬ ಓಟಗಾರ ಹುಡ್ ಟು ಕೋಸ್ಟ್ ಎಂಬ ರಿಲೇಯನ್ನು ಶುರುಮಾಡಿದರು. ಹಿಮ ಹೊತ್ತ ಹುಡ್ ಪರ್ವತದ ಮಗ್ಗುಲಿನಿಂದ ಪೆಸಿಫಿಕ್ ಸಾಗರದ ತೀರಕ್ಕೆ ಓಟ. ಮೊದಲ ವರ್ಷ ಬಂದದ್ದು ಎಂಟೇ ತಂಡ. ಲೆಕ್ಕ ಸುಲಭವಾಗಲಿ ಎಂದು ಪ್ರತಿ ಪಾಳಿಯನ್ನೂ ಸರಿಯಾಗಿ ಐದು ಮೈಲಿಗೆ ಕತ್ತರಿಸಿ, ಐದನೇ ಮೈಲಿ ಎಲ್ಲಿ ಬಿತ್ತೋ ಅಲ್ಲೇ ರಸ್ತೆಯ ಮೇಲೆ ಬಣ್ಣದ ಗೆರೆ ಹೊಡೆದು ಪಾಳಿಯ ಸಂಖ್ಯೆ ಬರೆದಿದ್ದರು. ಎಂಟು ತಂಡಕ್ಕೆ ಅದು ನಡೆಯುತ್ತದೆ. ಈಗ ಅದೇ ಓಟಕ್ಕೆ ಸಾವಿರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಸುಮಾರು 320 ಕಿಲೋಮೀಟರು, 36 ಪಾಳಿ, ತಂಡಕ್ಕೆ ಹನ್ನೆರಡು ಜನ, ಎರಡು ವ್ಯಾನು. ಇವತ್ತು ಅಲ್ಲಿ ಪಾಳಿಗಳು ಸಮನಾಗಿಲ್ಲ. ಒಂದು ಉದ್ದ, ಇನ್ನೊಂದು ಗಿಡ್ಡ. ಗಾಡಿ ನಿಲ್ಲಿಸಲು ಜಾಗ ಎಲ್ಲಿದೆಯೋ ಅಲ್ಲಿ ಪಾಳಿ ಮುಗಿಯಲೇಬೇಕು. ಪಾಳಿಯ ಉದ್ದ ಎಷ್ಟಿರಬೇಕು ಎನ್ನುವುದನ್ನು ಟೇಪು ಹೇಳುವುದಿಲ್ಲ, ನೆಲ ಹೇಳುತ್ತದೆ.

ಇದಕ್ಕಿಂತ ಹಳೆಯ, ಇದಕ್ಕಿಂತ ಆಳವಾದ ಉದಾಹರಣೆ ಜಪಾನಿನದು. 1917ರಲ್ಲಿ ಕ್ಯೋಟೋದಿಂದ ಟೋಕಿಯೋಗೆ ಸುಮಾರು 500 ಕಿಲೋಮೀಟರಿನ ರಿಲೇ ನಡೆಯಿತು. ಮೂರು ದಿನ, ಹಗಲೂ ರಾತ್ರಿ, 23 ಪಾಳಿ. ಆ ಓಟ ಹಿಡಿದದ್ದು ಹಳೆಯ ತೊಕಾಯ್ಡೋ ಹೆದ್ದಾರಿಯನ್ನು. ಸುದ್ದಿ ಒಯ್ಯುವವರು ಕುದುರೆ ಬದಲಿಸಿ, ಉಂಡು, ಮಲಗಿ ಮುಂದೆ ಹೋಗುತ್ತಿದ್ದ ಠಾಣ್ಯಗಳು ಆ ಹೆದ್ದಾರಿಯ ಉದ್ದಕ್ಕೂ ನೂರಾರು ವರ್ಷಗಳಿಂದ ಇದ್ದವು. ನಮ್ಮಲ್ಲೂ ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಶುರುಮಾಡಿದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿಹೋಗುವವರೆಗೂ, ಕಾಲಾಳುಗಳ ಓಟವನ್ನೇ ನಂಬಿತ್ತು. ಚೀಲ ಹೊತ್ತವನು ಎಲ್ಲಿ ನಿಂತು ಯಾರ ಕೈಗೆ ಕೊಡಬೇಕು ಎಂಬುದು ಗೊತ್ತಾಗದೆ ಇಂಥ ಯಾವ ಏರ್ಪಾಡೂ ನಡೆಯಲಾರದು.

ಜಪಾನಿನಲ್ಲಿ ಈಗಲೂ ಜನ ಹೊಸ ವರ್ಷದ ರಜೆಯಲ್ಲಿ ಮನೆಮಂದಿಯೆಲ್ಲ ಕೂತು ಟಿ.ವಿ.ಯಲ್ಲಿ ನೋಡುವ ಓಟ ಹಕೋನೆ ಎಕಿಡೆನ್. ವಿದ್ಯಾರ್ಥಿಗಳ ಈ ರಿಲೇ 1920ರಲ್ಲಿ ನಾಲ್ಕು ವಿದ್ಯಾಸಂಸ್ಥೆಗಳೊಂದಿಗೆ ಶುರುವಾಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿದ್ದ ಶಿಜೋ ಕನಕುರಿ ಇದರ ಹಿಂದಿದ್ದ ಮುಖ್ಯ ವ್ಯಕ್ತಿ. ಟೋಕಿಯೋದ ಓತೆಮಾಚಿಯಿಂದ ಹಕೋನೆ ಬೆಟ್ಟದ ಮೇಲಿನ ಆಶಿ ಸರೋವರಕ್ಕೆ ಮೊದಲ ದಿನ 107.5 ಕಿಲೋಮೀಟರು, ಮರುದಿನ ವಾಪಸು 109.6 ಕಿಲೋಮೀಟರು. ದಿನಕ್ಕೆ ಐದು ಪಾಳಿ, ಒಟ್ಟು ಹತ್ತು ಜನ. ಬ್ಯಾಟನ್ ಬದಲು ಹೆಗಲಿಂದ ಸೊಂಟಕ್ಕೆ ಇಳಿಬಿಟ್ಟ ಬಟ್ಟೆಯ ಪಟ್ಟಿ. ಆ ಪಟ್ಟಿ ಕೈಬದಲಾಗುವ ಜಾಗಗಳಾದ ತ್ಸುರುಮಿ, ತೊತ್ಸುಕಾ, ಹಿರತ್ಸುಕಾ, ಓದವಾರಾಗಳ ಹೆಸರು ಅಲ್ಲಿನ ಓಟಪ್ರಿಯರ ಬಾಯಲ್ಲೇ ಇರುತ್ತದೆ.

ಹಕೋನೆಯ ಐದನೇ ಪಾಳಿ ಬೆಟ್ಟ ಹತ್ತುವ ಪಾಳಿ. ಓದವಾರಾದಿಂದ ಹೊರಟವನು ಸಮುದ್ರಮಟ್ಟಕ್ಕಿಂತ 874 ಮೀಟರ್ ಎತ್ತರದ ತುದಿಯನ್ನು ಮುಟ್ಟಿ ಸರೋವರಕ್ಕೆ ಇಳಿಯಬೇಕು. 2006ರಲ್ಲಿ ಓದವಾರಾದ ಬದಲಿ ಜಾಗವನ್ನು ಎರಡು ಮೂರು ಕಿಲೋಮೀಟರಿನಷ್ಟು ಹಿಂದಕ್ಕೆ ಸರಿಸಿದರು. ರಸ್ತೆ ಅದೇ, ಬೆಟ್ಟ ಅದೇ, ಒಟ್ಟು ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಾಲ್ಕನೇ ಪಾಳಿ ಹದಿನೆಂಟೂವರೆ ಕಿಲೋಮೀಟರಿಗೆ ಕುಗ್ಗಿತು, ಬೆಟ್ಟದ ಪಾಳಿ 23 ಕಿಲೋಮೀಟರನ್ನು ದಾಟಿತು. ಆಗ ಏನಾಯಿತು ಎನ್ನುವುದಕ್ಕೆ ತೋಯೋ ವಿಶ್ವವಿದ್ಯಾಲಯದ ರ್ಯೂಜಿ ಕಾಶಿವಾಬಾರಾ ಸಾಕ್ಷಿ. 2009ರಿಂದ 2012ರವರೆಗೆ ನಾಲ್ಕೂ ವರ್ಷ ಆ ಪಾಳಿಯಲ್ಲಿ ಅವರೇ ಮೊದಲು. ಆ ನಾಲ್ಕರಲ್ಲಿ ಮೂರು ವರ್ಷ ಅವರ ತಂಡ ಗೆದ್ದಿತು, ಉಳಿದ ಒಂದು ವರ್ಷ ವಸೇಡಾ ತಂಡಕ್ಕೆ ಬರೀ 21 ಸೆಕೆಂಡಿನಿಂದ ಸೋತಿತು. ಹತ್ತು ಜನ ಓಡುವ ಓಟದಲ್ಲಿ ಬೆಟ್ಟ ಹತ್ತುವ ಒಬ್ಬನ ತೂಕ ಅತಿಯಾಯಿತೆಂಬ ಮಾತು ಬಂತು. 2017ರಲ್ಲಿ ಬದಲಿ ಜಾಗ ಮತ್ತೆ ಮುಂದಕ್ಕೆ ಹೋಯಿತು, ಐದನೇ ಪಾಳಿ 20.8 ಕಿಲೋಮೀಟರಿಗೆ ಇಳಿಯಿತು. ಒಂದೇ ಒಂದು ಜಾಗ ಸ್ವಲ್ಪ ಆಚೀಚೆಯಾದರೆ ಇಡೀ ಓಟದ ಸ್ವಭಾವವೇ ಬದಲಾಗುತ್ತದೆ. ಬದಲಿ ಜಾಗವೆಂದರೆ ಗಾಡಿ ನಿಲ್ಲಿಸುವ ಅನುಕೂಲ ಮಾತ್ರ ಎಂದುಕೊಳ್ಳುವವರು ಹಕೋನೆಯ ಈ ಹನ್ನೊಂದು ವರ್ಷಗಳನ್ನು ನೆನೆಯಬೇಕು.

ಇನ್ನು ನಮ್ಮೂರಿನ ವಿಷಯ. ಅತಿ ಹೆಚ್ಚು ಜನ ಕೇಳುವ ಬೆಂಗಳೂರು–ಮೈಸೂರನ್ನೇ ತೆಗೆದುಕೊಳ್ಳೋಣ. ನಕ್ಷೆ ತೋರಿಸುವ ನೀಲಿ ಗೆರೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುತ್ತದೆ. ಅದರ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೇ ಪ್ರವೇಶವಿಲ್ಲ. ಕಾಲಲ್ಲಿ ಓಡುವವರ ಮಾತೇ ಬೇಡ. ಪಕ್ಕದ ಸರ್ವೀಸ್ ರಸ್ತೆ ಇದೆಯಲ್ಲ ಎನ್ನುತ್ತಾರೆ. ಮುಖ್ಯ ರಸ್ತೆ ಹತ್ತಲಾಗದ ಗಾಡಿಗಳೆಲ್ಲ ಬರುವುದು ಅಲ್ಲಿಗೇ. ನಾನು ಸ್ನೇಹಿತರ ಬಳಗಗಳಿಗೆ ದಾರಿ ಗೊತ್ತುಮಾಡಲು ನೆರವಾದಾಗಲೆಲ್ಲ ಹಿಡಿದದ್ದು ದಕ್ಷಿಣದ ದಾರಿಯನ್ನು: ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕಿರುಗಾವಲು, ಬನ್ನೂರು, ಆಮೇಲೆ ಮೈಸೂರು. ಲೆಕ್ಕಕ್ಕೆ 150 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಸುತ್ತು ನಿಜ. ಆದರೆ ಈ ದಾರಿಯಲ್ಲಿ ಊರುಗಳು ರಸ್ತೆಗೆ ಮುಖ ಮಾಡಿ ನಿಂತಿವೆ. ಶಾಲೆ, ಮೈದಾನ, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ ಎಲ್ಲ ರಸ್ತೆಯ ಮಗ್ಗುಲಲ್ಲೇ ಸಿಗುತ್ತವೆ.

ಮೊದಲ ಸಲ ದಾರಿ ನೋಡಲು ಹೋಗುವವರಿಗೆ ಕಾರು ಬೇಡ, ಸರ್ಕಾರಿ ಬಸ್ಸು ಹತ್ತಿ ಎನ್ನುತ್ತೇನೆ. ಕಾರಿನಲ್ಲಿ ಹೋದರೆ ರಸ್ತೆ ಕಾಣುತ್ತದೆ, ಬಸ್ಸಿನಲ್ಲಿ ಹೋದರೆ ನಿಲ್ದಾಣಗಳು ಕಾಣುತ್ತವೆ. ಎಲ್ಲಿ ಜನ ಸೇರುತ್ತಾರೆ, ಎಲ್ಲಿ ಅಂಗಡಿ ಬೆಳಗಿನ ಜಾವಕ್ಕೇ ತೆರೆಯುತ್ತದೆ, ಯಾವ ಊರಲ್ಲಿ ಯಾವತ್ತು ಸಂತೆ, ಎಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿದೆ ಎಂಬುದು ಕಂಡಕ್ಟರಿಗೆ ಬಾಯಿಪಾಠ. ಸಂತೆಯ ದಿನ ಗೊತ್ತಿಲ್ಲದೆ ಓಟದ ದಿನ ಗೊತ್ತುಮಾಡಬಾರದು. ಎರಡನೇ ಸಲ ಹೋಗುವಾಗ ಮಾತ್ರ ಸ್ವಂತ ಗಾಡಿ. ಪ್ರತಿ ಐದಾರು ಕಿಲೋಮೀಟರಿಗೆ ಇಳಿದು, ಅಲ್ಲಿನವರನ್ನು ಮಾತನಾಡಿಸಿ, ಪುಸ್ತಕದಲ್ಲಿ ಐದು ವಿಷಯ ಬರೆದುಕೊಳ್ಳಬೇಕು. ಗಾಡಿಗೆ ಜಾಗ, ನೀರು, ಶೌಚಾಲಯ, ರಾತ್ರಿಯ ಬೆಳಕು, ಮೊಬೈಲ್ ಸಿಗ್ನಲ್. ಈ ಐದರಲ್ಲಿ ಮೂರಾದರೂ ಇಲ್ಲದ ಜಾಗವನ್ನು, ಎಷ್ಟೇ ಚೆಂದವಿರಲಿ, ಬಿಟ್ಟು ಮುಂದೆ ಹೋಗಬೇಕು.

ಹೀಗೆ ಹೋದಾಗ ನಕ್ಷೆ ಎಂದೂ ಹೇಳಲಾರದ ಸಂಗತಿಗಳು ಸಿಗುತ್ತವೆ. ಮಳವಳ್ಳಿ ಸೀಮೆಯ ಒಂದು ಸರ್ಕಾರಿ ಶಾಲೆ. ರಸ್ತೆಗೆ ಅಂಟಿಕೊಂಡ ಮೈದಾನ, ಎರಡು ದೊಡ್ಡ ಹೊಂಗೆ ಮರ, ಗೇಟಿಗೆ ಬೀಗ ಹಾಕದ ಶೌಚಾಲಯ. ಎಲ್ಲವೂ ಸರಿಯಾಗಿದೆ ಎನಿಸಿತು. ಮುಖ್ಯೋಪಾಧ್ಯಾಯರು ಬೇಡ ಎನ್ನಲಿಲ್ಲ, ಒಂದೇ ಪ್ರಶ್ನೆ ಕೇಳಿದರು: ‘ಒಟ್ಟು ಎಷ್ಟು ಜನ ಆಗ್ತೀರಿ ಸಾರ್? ನೂರಕ್ಕೆ ಮೇಲಾದ್ರೆ ಟ್ಯಾಂಕಿನ ನೀರು ಮಧ್ಯಾಹ್ನಕ್ಕೇ ಖಾಲಿ. ತ್ರೀಫೇಸ್ ಕರೆಂಟ್ ಬಂದಾಗ್ಲೇ ಮೋಟ್ರು ಓಡೋದು. ಒಂದು ವಾರ ಹಗಲು ಕೊಡ್ತಾರೆ, ಒಂದು ವಾರ ರಾತ್ರಿ. ನೀವು ಬರೋ ವಾರ ಯಾವುದು ಅಂತ ಕೇಳ್ಕೊಂಡು ಬನ್ನಿ.’ ನಾವು ಕರೆಂಟಿನ ಪಾಳಿ ವಿಚಾರಿಸಿದೆವು. ನೀರಿನ ಟ್ಯಾಂಕರೊಂದನ್ನು ಹಿಂದಿನ ಸಂಜೆಯೇ ತರಿಸುವುದೆಂದು ಬರೆದುಕೊಂಡೆವು. ಹೆಣ್ಣುಮಕ್ಕಳು ಓಡುವ ತಂಡಗಳಿಗೆ ನೀರಿರುವ, ಚಿಲಕ ಬೀಳುವ ಶೌಚಾಲಯಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಅದಿಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ಓಡುವವರು ನೀರು ಕುಡಿಯದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ದಾರಿ ಗೊತ್ತುಮಾಡುವ ಕೆಲಸದಲ್ಲಿ ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಜಾಗ ಸಿಕ್ಕ ಮೇಲೆ ಅದು ರಸ್ತೆಯ ಯಾವ ಮಗ್ಗುಲಲ್ಲಿದೆ ನೋಡಿ. ನಮ್ಮಲ್ಲಿ ವಾಹನಗಳು ಎಡಕ್ಕೆ. ಆದ್ದರಿಂದ ಓಡುವವರು ಎದುರಿನಿಂದ ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ ಓಡಬೇಕು. ತಂಡದ ಗಾಡಿ ಮಾತ್ರ ಎಡಬದಿಯಲ್ಲಿ ಬರುತ್ತದೆ, ಎಡಬದಿಯಲ್ಲೇ ನಿಲ್ಲುತ್ತದೆ. ಅಂದರೆ ಪ್ರತಿ ಬದಲಿಯಲ್ಲೂ ಯಾರೋ ಒಬ್ಬರು ರಸ್ತೆ ದಾಟಲೇಬೇಕು. ಯಾರು ದಾಟಬೇಕು? ಆರು ಕಿಲೋಮೀಟರು ಓಡಿ, ಉಸಿರು ಬಿಗಿದು, ಬ್ಯಾಟನ್ ಕೊಡುವುದೊಂದನ್ನೇ ಕಣ್ಣಲ್ಲಿಟ್ಟುಕೊಂಡು ಬರುವವನು ಖಂಡಿತ ದಾಟಬಾರದು. ಹೊರಡಲು ಸಿದ್ಧನಾಗಿ ನಿಂತವನು, ಹತ್ತು ನಿಮಿಷ ಮೊದಲೇ, ಕೈಬಾವುಟ ಹಿಡಿದ ಸ್ವಯಂಸೇವಕರ ಜೊತೆ ದಾಟಿ ಬಲಬದಿಗೆ ಬಂದು ನಿಲ್ಲಬೇಕು. ಬಲಕ್ಕೇ ಮೈದಾನವಿರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಗಾಡಿಗಳು ನಿಧಾನಕ್ಕೆ ಒಳಗೆ ತಿರುಗಿ ನಿಲ್ಲುತ್ತವೆ, ಆಮೇಲೆ ಯಾರೂ ರಸ್ತೆಗಿಳಿಯಬೇಕಿಲ್ಲ. ಎರಡು ಜಾಗಗಳಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಬಲಬದಿಯದನ್ನೇ ಹಿಡಿಯುತ್ತೇನೆ, ಪಾಳಿ ಒಂದು ಕಿಲೋಮೀಟರು ಹೆಚ್ಚಾದರೂ ಸರಿ. ತಿರುವುಗಳ ಮಾತೂ ಇಷ್ಟೇ. ದಾರಿಯಲ್ಲಿ ತಿರುವು ಕಡಿಮೆಯಿದ್ದಷ್ಟೂ ಒಳ್ಳೆಯದು. ಇರುವ ತಿರುವಿನಲ್ಲಿ ಬಾಣದ ಗುರುತನ್ನು ಮಾತ್ರ ನಂಬದೆ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು.

ಈಗ ಗಡಿಯಾರ. ಹೆಚ್ಚಿನ ದಾರಿಗಳು ಕೆಡುವುದು ಇಲ್ಲೇ. ಕಿಲೋಮೀಟರಿಗೆ ಐದು ನಿಮಿಷದಂತೆ ಓಡುವ ತಂಡ 150 ಕಿಲೋಮೀಟರನ್ನು ಹನ್ನೆರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಎಂಟು ನಿಮಿಷದಂತೆ ಓಡುವ ತಂಡಕ್ಕೆ ಇಪ್ಪತ್ತು ಗಂಟೆ ಬೇಕು. ಇಬ್ಬರನ್ನೂ ಒಟ್ಟಿಗೆ ಹೊರಡಿಸಿದರೆ ಕೊನೆಯಲ್ಲಿ ಏಳೂವರೆ ಗಂಟೆಯ ಅಂತರ. ಅಷ್ಟು ಹೊತ್ತೂ ಸ್ವಯಂಸೇವಕರು, ಆಂಬುಲೆನ್ಸು, ನೀರು, ಬೆಳಕು ಎಲ್ಲ ಕಾದಿರಬೇಕು. ಹಾಗಾಗಿ ದೊಡ್ಡ ರಿಲೇಗಳಲ್ಲಿ ನಿಧಾನದ ತಂಡಗಳನ್ನು ಮೊದಲು, ವೇಗದವರನ್ನು ಆಮೇಲೆ ಬಿಡುತ್ತಾರೆ. ಹುಡ್ ಟು ಕೋಸ್ಟಿನಲ್ಲೂ ಇದೇ ಪದ್ಧತಿ. ಎಷ್ಟು ಗಂಟೆ ಅಂತರದಲ್ಲಿ ಬಿಡುತ್ತೀರಿ ಎಂಬುದರ ಮೇಲೆ ಎಲ್ಲ ತಂಡಗಳೂ ಯಾವ ಊರಲ್ಲಿ ಒಟ್ಟಿಗೆ ಬಂದು ಸೇರುತ್ತವೆ ಎಂಬುದು ನಿಂತಿದೆ. ಗುಂಪು ಎಲ್ಲಿ ಸೇರಬೇಕೆಂದು ನೀವೇ ಆರಿಸಬಹುದು. ಆರಿಸದಿದ್ದರೆ ಅದು ಸೇರಬಾರದ ಕಡೆ ಸೇರುತ್ತದೆ.

ನಮ್ಮ ದಾರಿಗೆ ಇದನ್ನು ಹೊಂದಿಸಿ ನೋಡಿ. ಬೆಂಗಳೂರಿನಿಂದ ಸರಿಸುಮಾರು ಅರ್ಧ ದಾರಿಗೆ ಸಾತನೂರು, ಹಲಗೂರಿನ ಸೀಮೆ. ಅದರ ದಕ್ಷಿಣಕ್ಕೆ ಕಾವೇರಿ ವನ್ಯಜೀವಿ ಧಾಮ. ಸಂಜೆಯಾದರೆ ಆನೆಗಳು ಹೊಲಕ್ಕೆ ಬರುವ ಪ್ರದೇಶ. ಅಲ್ಲಿ ಕತ್ತಲಾದ ಮೇಲೆ ಯಾರೂ ಓಡಬಾರದು. ನಿಧಾನದ ತಂಡ ಬೆಳಿಗ್ಗೆ 5ಕ್ಕೆ ಹೊರಟಿತು ಎನ್ನಿ. ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಮೈಸೂರು ಮುಟ್ಟಲಿ ಎಂಬ ಆಸೆಗೆ ವೇಗದ ತಂಡವನ್ನು ಏಳೂವರೆ ಗಂಟೆ ತಡವಾಗಿ, ಮಧ್ಯಾಹ್ನ 12.30ಕ್ಕೆ ಬಿಟ್ಟರೆ, ಅದು 75ನೇ ಕಿಲೋಮೀಟರಿಗೆ ಬರುವುದು ಸಂಜೆ 6.45ಕ್ಕೆ. ಚಳಿಗಾಲದಲ್ಲಿ ಅಷ್ಟು ಹೊತ್ತಿಗೆ ಕತ್ತಲು. ಈ ಯೋಜನೆ ಅಲ್ಲಿಗೇ ಬಿದ್ದುಹೋಯಿತು. ಅದರ ಬದಲು ಐದು ಗಂಟೆ ಅಂತರ ಕೊಟ್ಟು 10ಕ್ಕೆ ಬಿಡಿ. ನಿಧಾನದ ತಂಡ 75ನೇ ಕಿಲೋಮೀಟರಿಗೆ ಮಧ್ಯಾಹ್ನ 3ಕ್ಕೆ, ವೇಗದ ತಂಡ 4.15ಕ್ಕೆ ಬರುತ್ತವೆ. ಇಬ್ಬರೂ ಬಿಸಿಲಿರುವಾಗಲೇ ಹಲಗೂರು ದಾಟುತ್ತಾರೆ. ಎಲ್ಲರೂ ಒಟ್ಟು ಸೇರುವುದು ನೂರನೇ ಕಿಲೋಮೀಟರಿನ ಆಸುಪಾಸಿನಲ್ಲಿ, ಸಂಜೆ 6.20ಕ್ಕೆ. ಶಿಂಷಾ ಹೊಳೆ ದಾಟಿ ಬರುವ ಮಳವಳ್ಳಿಯೇ ಆ ಜಾಗ. ತಾಲ್ಲೂಕು ಕೇಂದ್ರ. ಆಸ್ಪತ್ರೆಯಿದೆ, ಹೋಟೆಲುಗಳಿವೆ, ದೊಡ್ಡ ಮೈದಾನಗಳಿವೆ. ಅಲ್ಲಿ ಎಲ್ಲರಿಗೂ ಊಟ, ತಲೆದೀಪ ಮತ್ತು ಬೆಳಕು ಪ್ರತಿಫಲಿಸುವ ಜಾಕೆಟ್ಟಿನ ತಪಾಸಣೆ, ಎರಡೂ ಗಾಡಿಗಳು ಒಟ್ಟಿಗೆ ನಿಲ್ಲುವ ದೊಡ್ಡ ಬದಲಿ. ಅಲ್ಲಿಂದ ಮುಂದೆ ಊರು, ಗದ್ದೆ, ಕಬ್ಬಿನ ಬಯಲು. ವೇಗದವರು ರಾತ್ರಿ 10.30ಕ್ಕೆ, ನಿಧಾನದವರು 1ಕ್ಕೆ ಮೈಸೂರಲ್ಲಿ. ಈ ಲೆಕ್ಕಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಆದರೆ ದಾರಿ ಸುರಕ್ಷಿತವಾಗಿರುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಇದೇ.

ಕಬ್ಬಿನ ಬಯಲಿಗೂ ತನ್ನದೇ ಆದ ರಾತ್ರಿಯಿದೆ. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಗೋ ಕಾರ್ಖಾನೆಗೋ ಹೊರಟ ಟ್ರ್ಯಾಕ್ಟರುಗಳು ಎರಡು ಟ್ರೈಲರು ಎಳೆದುಕೊಂಡು ರಾತ್ರಿಯಿಡೀ ಓಡಾಡುತ್ತವೆ. ಲೋಡಿನಿಂದ ಹೊರಚಾಚಿದ ಕಬ್ಬಿನ ತುದಿಗಳು ಪಕ್ಕದಲ್ಲಿ ಹೋಗುವವನ ಭುಜಕ್ಕೆ ತಾಗುವಷ್ಟು ಹತ್ತಿರ ಬರುತ್ತವೆ. ಎಷ್ಟೋ ಟ್ರೈಲರುಗಳ ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇರುವುದಿಲ್ಲ. ಹಾಗಾಗಿ ಕಿರುಗಾವಲಿನಿಂದ ಬನ್ನೂರಿನವರೆಗಿನ ಪಾಳಿಗಳನ್ನು ನಾಲ್ಕೈದು ಕಿಲೋಮೀಟರಿಗೆ ಗಿಡ್ಡ ಮಾಡಬೇಕು, ಒಬ್ಬರ ಬದಲು ಇಬ್ಬರು ಜೊತೆಯಾಗಿ ಓಡಬೇಕು. ಪ್ರತಿ ಹಳ್ಳಿಯ ತುದಿಯಲ್ಲೂ ನಾಯಿಗಳ ಹಿಂಡು ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಥವೆಲ್ಲ ಹಗಲಲ್ಲಿ ಕಾಣುವುದಿಲ್ಲ. ಯಾವ ಪಾಳಿ ರಾತ್ರಿ 9ಕ್ಕೆ ಬೀಳುತ್ತದೋ ಆ ರಸ್ತೆಯನ್ನು ರಾತ್ರಿ 9ಕ್ಕೇ, ವಾರದ ಅದೇ ದಿನ, ಗಾಡಿಯಿಂದ ಇಳಿದು ನಡೆದು ನೋಡಬೇಕು. ಮಧ್ಯಾಹ್ನದ ಪಾಳಿಗಳಿಗೂ ಇದೇ ಮಾತು. ಕನಕಪುರದ ಆಸುಪಾಸಿನಲ್ಲಿ ಹೊತ್ತು ನೆತ್ತಿಗೆ ಬಂದಾಗ ನೆರಳೆಲ್ಲಿದೆ, ಏರು ಎಷ್ಟಿದೆ ನೋಡಿ, ಅಲ್ಲಿನ ಪಾಳಿಗಳನ್ನೂ ಗಿಡ್ಡ ಮಾಡಬೇಕು. ಬೆಳಗಿನ ತಂಪಿನಲ್ಲಿ ಎಂಟು ಕಿಲೋಮೀಟರು, ನಡುಮಧ್ಯಾಹ್ನ ಐದು, ಕತ್ತಲಲ್ಲಿ ನಾಲ್ಕು. ಹೀಗೆ ಅಸಮವಾಗಿ ಹಂಚಿದಾಗಲೇ ಶ್ರಮ ಸಮನಾಗುತ್ತದೆ.

ತಂಡದ ಗಾಡಿಗಳ ಬಗ್ಗೆ ಒಂದು ಕಟ್ಟುನಿಟ್ಟು. ಓಡುವವನ ಹಿಂದೆಯೇ ನಿಧಾನಕ್ಕೆ ಗಾಡಿ ಬಿಡುವ ಅಭ್ಯಾಸ ನಮ್ಮಲ್ಲಿದೆ. ಕಾವಲಿಗೆ, ಧೈರ್ಯಕ್ಕೆ ಎನ್ನುತ್ತಾರೆ. ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಸಾಗುವ ಗಾಡಿಯನ್ನು ಹಿಂದಿನ ಬಸ್ಸು ಬಲಕ್ಕೆ ತಿರುಗಿ ದಾಟಬೇಕು, ಅದೇ ಬಲಬದಿಯಲ್ಲಿ ಬೇರೊಂದು ತಂಡದ ಓಟಗಾರ ಇರುತ್ತಾನೆ. ಗಾಡಿ ನೇರ ಮುಂದಿನ ಬದಲಿ ಜಾಗಕ್ಕೆ ಹೋಗಿ ನಿಲ್ಲಬೇಕು. ನಡುವೆ ಎಲ್ಲೂ ನಿಲ್ಲಬಾರದು. ಪಾಳಿ ಗಿಡ್ಡವಿದ್ದರೆ, ಸಿಗ್ನಲ್ ಇದ್ದರೆ, ತಿರುವುಗಳಲ್ಲಿ ಜನರಿದ್ದರೆ ಬೆನ್ನಿಗೆ ಗಾಡಿ ಬೇಕಾಗುವುದೇ ಇಲ್ಲ. ಪ್ರತಿ ಪಾಳಿಗೂ ಹತ್ತಿರದ ಆಸ್ಪತ್ರೆ ಯಾವುದೆಂದು ಬರೆದ ಚೀಟಿಯೊಂದು ಎಲ್ಲ ಗಾಡಿಗಳಲ್ಲೂ ಇರಲಿ. 108ಕ್ಕೆ ಕರೆ ಮಾಡಿದಾಗ ‘ರಸ್ತೆಯಲ್ಲೆಲ್ಲೋ ಇದ್ದೇವೆ’ ಎನ್ನುವ ಬದಲು ಊರಿನ, ಶಾಲೆಯ ಹೆಸರು ಹೇಳುವಂತಿರಬೇಕು.

ಹಾಸನ–ಮಂಗಳೂರು ಕೇಳಿದವರಿಗೆ ನನ್ನ ಉತ್ತರ ಬೇರೆ. ಶಿರಾಡಿ ಘಾಟಿಯಲ್ಲಿ ಲಾರಿ, ಟ್ಯಾಂಕರುಗಳ ಸಾಲು ಹಗಲೂ ರಾತ್ರಿ ಹರಿಯುತ್ತದೆ. ತಿರುವುಗಳಲ್ಲಿ ಒಂದು ಕಾರು ನಿಲ್ಲಿಸಲೂ ಜಾಗ ಹುಡುಕಬೇಕು. ಓಡುವವರಿಗೆ ಕಾಡು, ಮಂಜು, ಇಳಿಜಾರು ಎಲ್ಲ ಕಣ್ಣಿಗೆ ಹಬ್ಬ. ಆದರೆ ಬದಲಿ ಜಾಗ ಹುಡುಕಿದರೆ ಮೈಲಿಗಟ್ಟಲೆ ಒಂದೂ ಸಿಗುವುದಿಲ್ಲ. ಸಿಗದಿದ್ದರೆ ಆ ದಾರಿ ರಿಲೇಯ ದಾರಿಯಲ್ಲ. ಬಂಡೀಪುರದ ಮಾತು ಇನ್ನೂ ಸ್ಪಷ್ಟ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಾಮಾನ್ಯ ವಾಹನಗಳಿಗೇ ತಡೆಯಿದೆ, ಹಗಲಲ್ಲೂ ಗಾಡಿಯಿಂದ ಇಳಿಯುವಂತಿಲ್ಲ. ಕಾಡಿನ ದಾರಿಯನ್ನು ಕಾಡಿಗೇ ಬಿಡಬೇಕು. ಹೀಗೆ ಬಿಟ್ಟುಕೊಡುವುದನ್ನು ಹಕೋನೆಯಿಂದಲೂ ಕಲಿಯಬಹುದು. ಅಲ್ಲಿ ಬೆಟ್ಟದ ರೈಲಿನ ಹಳಿಯನ್ನು ಓಟಗಾರರು ದಾಟುವಾಗ ರೈಲ್ವೆ ಸಿಬ್ಬಂದಿ ರೈಲನ್ನೇ ನಿಲ್ಲಿಸಿ ದಾರಿ ಬಿಡುತ್ತಾರೆ. ಬಹಳ ಹಿಂದೆ ಬಿದ್ದ ತಂಡಗಳಿಗೆ ರಸ್ತೆಯನ್ನು ಹೆಚ್ಚು ಹೊತ್ತು ತಡೆಯಬಾರದೆಂದು, ಹಿಂದಿನವರು ಬರುವ ಮೊದಲೇ ಮುಂದಿನವರನ್ನು ಹೊರಡಿಸುವ ನಿಯಮವೂ ಅಲ್ಲಿದೆ. ತನ್ನ ತಂಡದ ಪಟ್ಟಿ ಕೈಗೆ ಸಿಗದೆ ಹೊರಡಬೇಕಾದ ಹುಡುಗನಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಆದರೂ ನಿಯಮ ಉಳಿದಿದೆ. ಓಟಕ್ಕೆ ರಸ್ತೆ ಅಷ್ಟು ಬಿಟ್ಟುಕೊಡುತ್ತದೆ, ಓಟವೂ ರಸ್ತೆಗೆ ಅಷ್ಟು ಬಿಟ್ಟುಕೊಡುತ್ತದೆ.

ಮುಗಿಯುವ ಜಾಗ ಎಲ್ಲಿರಬೇಕು ಎಂಬುದಕ್ಕೆ ಎಲ್ಲರ ಬಾಯಲ್ಲೂ ಎರಡೇ ಹೆಸರು, ಅರಮನೆ ಮುಂದೆ ಅಥವಾ ಚಾಮುಂಡಿ ಬೆಟ್ಟದ ಮೇಲೆ. ಎರಡೂ ಬೇಡ ಎನ್ನುತ್ತೇನೆ. ಐವತ್ತು ತಂಡದ ನೂರು ಗಾಡಿ ಬೆಟ್ಟದ ರಸ್ತೆ ಹತ್ತಿದರೆ ಕೊನೆಯ ಓಟಗಾರನಿಗೇ ದಾರಿಯಿರುವುದಿಲ್ಲ. ಮಧ್ಯರಾತ್ರಿ ಅರಮನೆಯ ಸುತ್ತ ಗದ್ದಲ ಎಬ್ಬಿಸುವುದು ಊರಿಗೆ ಮರ್ಯಾದೆಯಲ್ಲ. ಬನ್ನೂರು ರಸ್ತೆ ಮೈಸೂರಿನ ರಿಂಗ್ ರಸ್ತೆಯನ್ನು ಸೇರುವ ಮುನ್ನ, ಮನೆಗಳಿಂದ ದೂರವಿರುವ ಒಂದು ವಿಶಾಲ ಮೈದಾನ ಸಾಕು. ಅಲ್ಲಿ ಬಿಸಿ ಊಟ, ಮಲಗಲು ಚಾಪೆ, ಬೆಳಗಾದ ಮೇಲೆ ಮನೆಗೆ ಹೋಗುವ ಏರ್ಪಾಡು ಇರಲಿ. ರಾತ್ರಿಯಿಡೀ ಎಚ್ಚರವಿದ್ದವರು ಅದೇ ರಾತ್ರಿ ಗಾಡಿ ಓಡಿಸಿಕೊಂಡು ಬೆಂಗಳೂರಿಗೆ ಮರಳುವಂತೆ ಮಾಡುವ ದಾರಿಯೂ ತಪ್ಪು ದಾರಿಯೇ.

ಕೊನೆಗೆ, ಅನುಮತಿ. ಜಿಲ್ಲಾ ಪೊಲೀಸರು, ಹೆದ್ದಾರಿಯವರು, ಗ್ರಾಮ ಪಂಚಾಯಿತಿ, ಶಾಲೆಗಾಗಿ ಶಿಕ್ಷಣಾಧಿಕಾರಿ, ಎಲ್ಲರಿಗೂ ಅರ್ಜಿ ಕೊಡಬೇಕು, ನಿಜ. ಆದರೆ ಅರ್ಜಿಯ ಮೇಲೆ ಸಹಿ ಬಿದ್ದ ಮಾತ್ರಕ್ಕೆ ಊರು ಒಪ್ಪಿದಂತಲ್ಲ. 23 ಊರಿನ 23 ಮೈದಾನಗಳನ್ನು ನಾವು ಒಂದು ದಿನದ ಮಟ್ಟಿಗೆ ಕೇಳಿ ಪಡೆಯುತ್ತಿದ್ದೇವೆ. ಅವರಿಗೆ ನಾವು ಏನು ಬಿಟ್ಟು ಬರುತ್ತೇವೆ? ನನ್ನ ಸಲಹೆ ಇಷ್ಟು. ಪ್ರತಿ ಜಾಗದಲ್ಲೂ ಟೀ, ತಿಂಡಿಯನ್ನು ಆ ಊರಿನ ಅಂಗಡಿಯಿಂದ ಅಥವಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದಲೇ ಕೊಳ್ಳಿ. ಬಂದದ್ದಕ್ಕಿಂತ ಸ್ವಚ್ಛವಾಗಿ ಮೈದಾನವನ್ನು ಬಿಟ್ಟು ಹೊರಡಿ. ಹಗಲಿನ ಪಾಳಿಗಳ ಕೊನೆಯ ಒಂದು ಕಿಲೋಮೀಟರನ್ನು ಆ ಊರಿನ ಹೈಸ್ಕೂಲು ಮಕ್ಕಳು ನಿಮ್ಮ ಓಟಗಾರರ ಜೊತೆ ಓಡಲಿ. ನಮ್ಮ ಹಳ್ಳಿಗಳಲ್ಲಿ ಓಡಬಲ್ಲ ಮಕ್ಕಳಿಗೇನೂ ಕೊರತೆಯಿಲ್ಲ, ಓಟವನ್ನು ಕಣ್ಣಾರೆ ಕಾಣುವ ಅವಕಾಶಕ್ಕೆ ಕೊರತೆ. ಮ್ಯಾರಥಾನು ನಗರಕ್ಕೆ ಬರುತ್ತದೆ, ನಗರದಲ್ಲೇ ಮುಗಿಯುತ್ತದೆ. ಊರೂರಿನಲ್ಲಿ ನಿಂತು ಹೋಗುವ ಓಟ ರಿಲೇ ಒಂದೇ. ನಿಮ್ಮ ದಾರಿ ಸರಿಯಿತ್ತೋ ಇಲ್ಲವೋ ಎಂಬುದನ್ನು ಗೆದ್ದ ತಂಡದ ಸಮಯ ಹೇಳಲಾರದು. ಮುಂದಿನ ವರ್ಷ ಅರ್ಜಿ ಹಿಡಿದು ಮತ್ತೆ ಹೋದಾಗ ಆ ಇಪ್ಪತ್ಮೂರು ಊರಿನಲ್ಲಿ ಎಷ್ಟು ಊರು ‘ಬನ್ನಿ’ ಎನ್ನುತ್ತದೆ ಎಂಬುದನ್ನು ಎಣಿಸಿ. ನಾನು ನಂಬುವ ಅಳತೆ ಅದೊಂದೇ.